ಕತ್ತರಿ ಮುಟ್ಟದ ಗಿರಾಕಿ

ಮೊದಲ ದಿನವೇ ಬೈಸಿಕೊಂಡೆ.
ನಜರ್‌ಬಾದಿನ ನನ್ನ ಅಂಗಡಿ ಮೆಟ್ಟಿಲಲ್ಲಿ ನಿಂತು
ಡೊರೀನ್ ಮಿಸ್ಸು ಅಂದರು: "ಕತ್ತರಿ ಕೆಳಗಿಡು ವರದಯ್ಯ,
ಇವನಿಗೆ ಕತ್ತರಿಸುವುದಲ್ಲ, ಕೀಳುವುದು."

ಅವರ ಕಂಕುಳಲ್ಲಿ ಅಂಬೋಡೆ.
ಬಣ್ಣವೂ ಅದೇ, ಮೈಯ ತರಿತರಿಯೂ ಅದೇ,
ಈಗಷ್ಟೇ ಬಾಣಲೆಯಿಂದೆದ್ದ ಹಾಗೆ.
ಹೆಸರಿಟ್ಟವಳು ಅಡುಗೆಯ ಪುಟ್ಟಸಿದ್ದಮ್ಮ.
ಕಾಗದದಲ್ಲೊಂದು ಮಾರುದ್ದದ ಹೆಸರಿದೆಯಂತೆ,
ಹಾಗೆ ಕರೆದರೆ ಕಿವಿಯೂ ಅಲುಗದು.

ನಲವತ್ತೊಂದು ವರ್ಷ ಕತ್ತರಿ ಹಿಡಿದ ಕೈ ನನ್ನದು.
ಈಚೆಗೆ ನಡುಗುತ್ತದೆ.
ಗಿರಾಕಿಗಳು ಕನ್ನಡಿಯಲ್ಲಿ ಅದನ್ನೇ ನೋಡುತ್ತಾರೆ,
ಕಿವಿಯ ಹತ್ತಿರ ಬಂದಾಗ ಉಸಿರು ಹಿಡಿಯುತ್ತಾರೆ,
ಮುಂದಿನ ತಿಂಗಳು ಎದುರಿನ ಎ.ಸಿ. ಸಲೂನಿನಲ್ಲಿ ಕಾಣಿಸುತ್ತಾರೆ.
ಅಂಬೋಡೆಯೂ ಕನ್ನಡಿ ನೋಡಿದ. ಬೊಗಳಿದ.
ವಾಸನೆಯಿಲ್ಲದ್ದು ನಾಯಿಯೇ ಅಲ್ಲವೆಂದು ತೀರ್ಮಾನಿಸಿ
ಕುರ್ಚಿ ಕೆಳಗಿನ ಕೂದಲ ಗುಡ್ಡೆ ಕೆದಕತೊಡಗಿದ.

ಹೆಬ್ಬೆರಳು, ತೋರುಬೆರಳು, ಅಷ್ಟೇ ಸಾಕು ಈ ಕೆಲಸಕ್ಕೆ.
ಬೆಳೆದ ದಿಕ್ಕಿಗೇ ಎಳೆದರೆ
ಮಾಗಿದ ಹುಣಸೆ ತೊಟ್ಟು ಬಿಟ್ಟ ಹಾಗೆ
ಸತ್ತ ಕೂದಲು ತಾನೇ ಕಳಚುತ್ತದೆ.
ನೋವಿಲ್ಲ; ಅವನು ಆಕಳಿಸುತ್ತಾನೆ.
ಕತ್ತರಿ ತಾಗಿದರೋ, ಒರಟು ಹೋಗಿ ಮೈ ಹತ್ತಿಯಾಗುತ್ತದೆ,
ಬಣ್ಣ ಸಪ್ಪೆ, ಮಳೆ ನೇರ ಚರ್ಮಕ್ಕೆ.
ಎರಡು ಗಂಟೆ ಹಿಡಿಯುತ್ತದೆ.
ಬೆರಳು ನಡುಗಿದ್ದು ಅವನಿಗೆ ಕೆರೆದಂತೆ ಹಿತವೋ ಏನೋ.

ಅಷ್ಟು ಹೊತ್ತೂ ಮಿಸ್ಸಿನ ಪಾಠ.
ಸ್ಕಾಟ್ಲೆಂಡ್ ಅಂತ ಒಂದು ಸೀಮೆ, ಗಾಳಿಗೆ ಮರ ನಿಲ್ಲದ ಗುಡ್ಡ,
ಗಡಿಗೋ ಗೋರಿಗೋ ಜನ ಪೇರಿಸಿಟ್ಟ ಕಲ್ಲುಗುಪ್ಪೆ,
ಅದರ ಹೆಸರು ಕೇರ್ನ್, ಇವನ ಕುಲದ ಹೆಸರೂ ಅದೇ.
ಟೆರಿಯರ್ ಎಂದರೆ ಮಣ್ಣಿಗಿಳಿಯುವವನು.
ಕಲ್ಲ ಸಂದಿಗೆ ನರಿ ಹೊಕ್ಕರೆ, ನೀರುನಾಯಿ ಹೊಕ್ಕರೆ
ಇವನ ಮುತ್ತಜ್ಜ ಹಿಂದೆಯೇ ನುಗ್ಗಿ,
ಕೊಲ್ಲಲೇಬೇಕೆಂದಿಲ್ಲ,
ಬಿಡದೆ ಬೊಗಳಬೇಕು, ಯಾರಾದರೂ ಬರುವ ತನಕ.
"ನಮ್ಮ ಕಡೆ ಇದಕ್ಕೆ ತಳವಾರಿಕೆ ಅಂತಾರೆ ಮಿಸ್ಸೇ," ಅಂದೆ.

ಮೋಟುದ್ದ ಮೈ, ಊರುದ್ದ ದನಿ.
ಕುಶಾಲತೋಪಿನ ತಾಲೀಮಿಗೆ ಮಂಚದಡಿ ಸೇರುವವನಲ್ಲ,
ಪ್ರತಿ ಗುಂಡಿಗೂ ಉತ್ತರ ಕೊಡುತ್ತಾನೆ.
ಅಳಿಲು ಕಂಡರೆ ಹಗ್ಗ ಕೈಯಲ್ಲಿ, ನಾಯಿ ರಸ್ತೆಯಾಚೆ.
ಬೈದರೆ ಮುನಿಸು, ಎರಡು ಹೊತ್ತು.

ನನಗೂ ಈಗ ಒಂದಿಷ್ಟು ಗೊತ್ತು:
ಸ್ನಾನ ಅಪರೂಪಕ್ಕೆ. ಬೆರಳ ಸಂದಿಯ ಉಣ್ಣೆ ದಿನವೂ ನೋಡಬೇಕು.
ಏಪ್ರಿಲ್ಲಿನಲ್ಲಿ ಡಾಂಬರಿಗೆ ಮೊದಲು ನನ್ನ ಅಂಗೈ, ಆಮೇಲೆ ಅವನ ಪಾದ.
ದ್ರಾಕ್ಷಿ ಕೂಡದು, ಈರುಳ್ಳಿ ಕೂಡದು,
ಅಂದರೆ ಪುಟ್ಟಸಿದ್ದಮ್ಮನ ಕೈಯ ಅಂಬೋಡೆ
ಅಂಬೋಡೆಗೇ ಕೂಡದು.

ಮೊನ್ನೆ ಬುಧವಾರ, ಸಂಜೆ ನಾಲ್ಕಕ್ಕೆ ಶುರು ಮಾಡಿದ,
ಅಂಗಡಿ ಮುಂದಿನ ಮೋರಿಯ ಚಪ್ಪಡಿ ಸಂದಿಗೆ ಮೂತಿಯಿಟ್ಟು.
ಮಿಸ್ಸು ಕರೆದರು, ಬಿಸ್ಕತ್ತು ತೋರಿಸಿದರು.
ಟೀ ಇಲಿಯಾಸ್ ಕಡ್ಡಿ ಹಾಕಿ ಕೆದಕಿ, "ಏನೂ ಇಲ್ಲ, ಸುಮ್ಮನೆ," ಅಂದ.
ಸಲೂನಿನ ಹುಡುಗರು ಹೊರಬಂದು ವಿಡಿಯೋ ಮಾಡಿದರು.
ದನಿ ಒಡೆಯಿತು, ನಿಲ್ಲಲಿಲ್ಲ.
ದೀಪ ಹತ್ತುವ ಹೊತ್ತಿಗೆ ನನಗೆ ಹೊಳೆಯಿತು:
ಇವನು ಕಾಯುತ್ತಿರುವುದು ಹೆಗ್ಗಣಕ್ಕಲ್ಲ.

ಶಟರ್ ಎಳೆದು, ಟಾರ್ಚು ಹಿಡಿದು
ಚಪ್ಪಡಿ ಮೇಲೆ ಬೋರಲು ಮಲಗಿದೆ, ಅರವತ್ತೇಳರ ಮೈ.
ಒಳಗೆ ನೀರು, ಒಂದು ಚಪ್ಪಲಿ, ಕತ್ತಲೆ.
"ಇದೆ ಕಣಪ್ಪ," ಅಂದೆ.

ತಟ್ಟನೆ ಸುಮ್ಮನಾದ.
ಕಿವಿಯೊಮ್ಮೆ ಮೂಸಿ, ಬಾಲವಾಡಿಸಿ,
ಪಾಳಿ ಮುಗಿದವನ ಹಾಗೆ ಮನೆ ಕಡೆ ಹೊರಟೇಬಿಟ್ಟ.
ನಾನಿನ್ನೂ ಅಲ್ಲೇ,
ಸಂದಿಗೆ ಟಾರ್ಚು ಬಿಟ್ಟುಕೊಂಡು,
ಮಂಡಿ ಊರುವುದೋ, ಯಾರನ್ನಾದರೂ ಕೂಗುವುದೋ.